ಚಳ್ಳಕೆರೆ ಕಂಬಳಿ: ದೂರದ ನಡಿಗೆಗೆ ಎಷ್ಟು ಒದಗೀತು, ಮನೆಯಲ್ಲಿ ಎಷ್ಟು ಬಾಳೀತು

ಚಾರಣದ ಚೀಲ ಕಟ್ಟುವಾಗ ಪ್ರತಿ ನೂರು ಗ್ರಾಂಗೂ ಲೆಕ್ಕ ಹಾಕುವವರ ಮುಂದೆ ಎರಡು ಕಿಲೋ ತೂಗುವ ಕರಿ ಕಂಬಳಿ ಇಟ್ಟರೆ ಮೊದಲು ಬರುವ ಪ್ರಶ್ನೆ ತೂಕದ್ದೇ. ಕೇಳಬೇಕಾದ ಪ್ರಶ್ನೆಯೇ ಅದು. ಚಳ್ಳಕೆರೆ ಸೀಮೆಯ ಕೈಮಗ್ಗದ ಕಂಬಳಿ ಎಲ್ಲ ದಾರಿಗೂ ಹೊಂದುವ ವಸ್ತುವಲ್ಲ. ಆದರೆ ನಾಲ್ಕೈದು ದಿನದ ಪಾದಯಾತ್ರೆ, ಮಳೆಗಾಲ ಕಳೆದ ಮೇಲಿನ ಮಲೆನಾಡಿನ ಬೆಟ್ಟಗಳು, ನರ್ಮದಾ ಪರಿಕ್ರಮದಂಥ ತಿಂಗಳುಗಟ್ಟಲೆಯ ನಡಿಗೆ, ಇವಕ್ಕೆ ಅದು ಹಾಸಿಗೆ, ಹೊದಿಕೆ, ಮಳೆಗೊಪ್ಪೆ, ಕೂರುವ ಚಾಪೆ ನಾಲ್ಕೂ ಆಗುತ್ತದೆ. ಸರಿಯಾದದ್ದನ್ನು ಆರಿಸಿದರೆ ಹತ್ತಾರು ವರ್ಷ ಬರುತ್ತದೆ. ಒಳ್ಳೆಯ ಕಂಬಳಿ ದಾರಿಯಲ್ಲಿ ಹಾಳಾಗುವುದು ಅಪರೂಪ. ಹಾಳಾಗುವುದೆಲ್ಲ ಒಂದು ನಡಿಗೆ ಮುಗಿಸಿ ಬಂದು ಇನ್ನೊಂದಕ್ಕೆ ಹೊರಡುವ ನಡುವೆ, ಮನೆಯ ಅಟ್ಟದ ಮೇಲೆ.

ಚಿತ್ರದುರ್ಗದಿಂದ ಚಳ್ಳಕೆರೆ ಮೂವತ್ತು ಕಿಲೋಮೀಟರ್ ಆಸುಪಾಸು. ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಕುರಿ, ಉಣ್ಣೆ, ಕಂಬಳಿಗೂ ಅಷ್ಟೇ ಹೆಸರು. ಈ ಕಡೆಯ ಕುರಿಗಾಹಿಗಳು ಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ನಡೆಯುವವರು. ಮೇವು ಒಣಗಿದ ಮೇಲೆ ಭದ್ರಾ ನೀರಿನ ದಾವಣಗೆರೆ ಸೀಮೆಯ ಗದ್ದೆ ಬಯಲಿಗೆ, ಮಲೆನಾಡಿನ ಅಂಚಿಗೆ ಹೋಗಿ, ಕೊಯ್ಲಾದ ಹೊಲಗಳಲ್ಲಿ ಮಂದೆ ನಿಲ್ಲಿಸಿ, ಮಳೆ ಬಿದ್ದ ಮೇಲೆ ಊರಿಗೆ ಮರಳುತ್ತಾರೆ. ಹೋಗುವುದೂ ಬರುವುದೂ ಬದುಕಿನ ಕ್ರಮವೇ ಆದವರಿಗಾಗಿ ನೇಯ್ದ ಬಟ್ಟೆ ಇದು. ಹಾಗಾಗಿ ಇಂದಿನ ಚಾರಣಿಗರು ಕೇಳುವ ಎಲ್ಲ ಪ್ರಶ್ನೆಗೂ ಇದರ ನೇಯ್ಗೆಯೊಳಗೇ ಒಂದಷ್ಟು ಉತ್ತರವಿದೆ.

ಉಣ್ಣೆ ಬಳ್ಳಾರಿ ಮತ್ತು ಡೆಕ್ಕನಿ ತಳಿಯ ಕುರಿಗಳದ್ದು. ಎಳೆ ಒರಟು, 30 ಮೈಕ್ರಾನ್‌ಗಿಂತ ದಪ್ಪ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಮೆರಿನೋ ಉಣ್ಣೆಯ ಬನಿಯನ್ ಹಾಕಿದವರಿಗೆ ಅದರ ನಯ ಗೊತ್ತು. ಅದರ ಎಳೆ 24 ಮೈಕ್ರಾನ್‌ಗಿಂತ ತೆಳು. ಎಳೆ 30 ಮೈಕ್ರಾನ್ ದಾಟಿದರೆ ಬರಿ ಮೈಗೆ ಚುಚ್ಚುತ್ತದೆ, ಕಂಬಳಿ ಚುಚ್ಚುವುದಕ್ಕೆ ಕಾರಣ ಇದೇ. ಬದಲಿಗೆ ಸಿಗುವುದು ಗಟ್ಟಿತನ: ಒರಟು ಎಳೆ ತುಳಿದರೂ ಮತ್ತೆ ಎದ್ದು ನಿಲ್ಲುತ್ತದೆ, ಕಲ್ಲಿನ ಮೇಲೆ ಉಜ್ಜಿದರೂ ಬೇಗ ಸವೆಯದು. ಕೈಯಲ್ಲಿ ನೂತು, ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳಿಗೆ, ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಿ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ನೇಯ್ದ ಮೇಲೆ ಕಂಬಳಿಗೂ ಗಂಜಿ ಬಳಿಯುವುದುಂಟು. ಹೊಸ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುವುದು ಈ ಗಂಜಿಯಿಂದ. ಎಳೆಗಳ ನಡುವಿನ ಸಂದು ಮುಚ್ಚಿ, ಗಾಳಿಯನ್ನೂ ಹನಿಮಳೆಯನ್ನೂ ಸ್ವಲ್ಪ ಹೊತ್ತು ತಡೆಯುವುದೂ ಅದೇ.

ಕೊಳ್ಳುವಾಗ ಎಡವುವವರೇ ಹೆಚ್ಚು. ‘ಕಂಬಳಿ’ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ಸಿಗುವುದರಲ್ಲಿ ಬಹುಪಾಲು ಹಳೆ ಬಟ್ಟೆ ಹಿಂಜಿ ಮತ್ತೆ ನೂತ ಪಾಣಿಪತ್ ಕಡೆಯ ಗಿರಣಿ ಮಾಲು, ಇಲ್ಲವೇ ಅಕ್ರಿಲಿಕ್ ಬೆರಕೆ. ಅವೂ ಬೆಚ್ಚಗಿರುತ್ತವೆ, ಬೆಲೆಯೂ ಕಡಿಮೆ. ಆದರೆ ನೆನೆದರೆ ತಣ್ಣಗಾಗಿ ಮೈಗಂಟುತ್ತವೆ, ಕಿಡಿ ಬಿದ್ದರೆ ಕರಗಿ ತೂತಾಗುತ್ತವೆ. ನಾಲ್ಕು ಪರೀಕ್ಷೆ ಸಾಕು. ಅಂಚಿನಿಂದ ಒಂದೆರಡು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತೆಗೆದೊಡನೆ ಆರಿ, ಬೆರಳಲ್ಲಿ ಪುಡಿಯಾಗುವ ಕರಿ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಇದ್ದರೆ ಗಟ್ಟಿ ಮಣಿಯೊಂದು ಉಳಿಯುತ್ತದೆ. ಹಾಸಿನದೊಂದು, ಹೊಕ್ಕಿನದೊಂದು (ಅಡ್ಡಕ್ಕೆ ನೇಯ್ದದ್ದು) ಎಳೆ ಬೇರೆ ಬೇರೆ ಸುಟ್ಟು ನೋಡಬೇಕು. ಬೆರಕೆ ಇರುವುದು ಎರಡರಲ್ಲೊಂದರಲ್ಲಿ. ಎರಡನೆಯದು ಬಿಳಿ ಬಟ್ಟೆ ಒದ್ದೆ ಮಾಡಿ ಕಂಬಳಿಯ ಮೇಲೆ ಬಲವಾಗಿ ಉಜ್ಜುವುದು. ಕಪ್ಪು ಇಳಿದರೆ ಬಣ್ಣ ಹಾಕಿದ್ದು. ಕುರಿಯದೇ ಕಪ್ಪು ಬಿಸಿಲಿಗೆ ಹಿಡಿದರೆ ಅಲ್ಲಲ್ಲಿ ಕಂದು ಛಾಯೆ ತೋರುತ್ತದೆ, ಉಜ್ಜಿದರೆ ಇಳಿಯುವುದಿಲ್ಲ. ಮೂರನೆಯದು ಒಂದು ಚಮಚ ನೀರು. ಗಂಜಿ ಹಾಕಿದ ಒತ್ತು ನೇಯ್ಗೆಯ ಮೇಲೆ ನೀರು ಹನಿಯಾಗಿ ನಿಂತು ನಿಧಾನಕ್ಕೆ ಇಂಗುತ್ತದೆ. ಸುರಿದ ಕೂಡಲೇ ಕುಡಿದರೆ ಮಳೆಗೆ ಅದನ್ನು ನಂಬಬೇಡಿ. ಕೊನೆಗೆ ಕಂಬಳಿಯನ್ನು ಬೆಳಕಿಗೆ ಎದುರಾಗಿ ಎತ್ತಿ ಹಿಡಿಯಿರಿ. ಕೈನೂಲಿನ ಏರಿಳಿತ ಕಾಣುವುದು ಸಹಜ, ಅದು ದೋಷವಲ್ಲ. ಬೆಳಕು ಸಾಲುಸಾಲಾಗಿ ತೂರಿ ಬಂದರೆ ಹೊಕ್ಕನ್ನು ಸಡಿಲವಾಗಿ ಬಡಿದಿದ್ದಾರೆಂದು ಅರ್ಥ. ಅಂಥದ್ದು ಮನೆಯೊಳಗೆ ಹೊದೆಯಲು ಸಾಕು, ಗಾಳಿಗೆ ಸಾಲದು.

ಬೆಲೆಯನ್ನು ಕಂಬಳಿಗೆ ಇಷ್ಟು ಎಂದು ಕೇಳಿ ಹೋಲಿಸಬೇಡಿ. ಚಿಕ್ಕ ತಕ್ಕಡಿ ಒಯ್ದು, ತೂಗಿ, ಕಿಲೋಗೆ ಎಷ್ಟು ಬಿತ್ತು ಎಂದು ನೋಡಿ. ಕುರಿಮರಿಯ ಮೊದಲ ಕತ್ತರಿಯ ಉಣ್ಣೆಯದು ಮೆದು, ಅದಕ್ಕೆ ಬೆಲೆ ಬಹಳ ಹೆಚ್ಚು. ಚಾರಣಕ್ಕೆ ಅದು ಬೇಡ; ದೊಡ್ಡ ಕುರಿಯ ಒರಟು ಉಣ್ಣೆಯೇ ತಾಳಿಕೆ ಬರುವುದು. ಒಂದು ಮಾತು ಇಲ್ಲೇ ಹೇಳಬೇಕು: ಮಾಂಸಕ್ಕಾಗಿ ಉಣ್ಣೆ ಬಾರದ ತಳಿಗಳನ್ನು ಬೆರೆಸುತ್ತ ಬಂದು ಒಳ್ಳೆಯ ಕರಿ ಉಣ್ಣೆ ಕಡಿಮೆಯಾಗಿದೆ, ಕೈಯಲ್ಲಿ ನೂಲುವವರೂ ಕಡಿಮೆಯಾಗಿದ್ದಾರೆ. ಒಂದು ಕಂಬಳಿಯ ಹಿಂದೆ ಕತ್ತರಿಸುವ, ಹಿಂಜುವ, ನೂಲುವ, ಗಂಜಿ ಹಚ್ಚುವ, ನೇಯುವ ಎಷ್ಟೋ ದಿನದ ಕೆಲಸವಿದೆ. ನೇಕಾರರ ಬಳಿಯೇ ಕೊಂಡು, ಚೌಕಾಸಿ ಮಾಡದೆ ಕೊಟ್ಟು ಬರುವುದು ನ್ಯಾಯ.

ಅಳತೆ ಸಾಮಾನ್ಯವಾಗಿ ನಾಲ್ಕರಿಂದ ನಾಲ್ಕೂವರೆ ಅಡಿ ಅಗಲ, ಎಂಟರಿಂದ ಹತ್ತು ಅಡಿ ಉದ್ದ. ಐದೂವರೆ ಅಡಿ ಎತ್ತರದವರಿಗೆ ನಾಲ್ಕೂವರೆಗೆ ಒಂಬತ್ತು ಅಡಿಯದು ಸರಿಹೋಗುತ್ತದೆ. ಅದು ಎರಡು ಕಿಲೋ ಆಸುಪಾಸು ತೂಗುತ್ತದೆ, ದಪ್ಪನೆಯದಾದರೆ ಎರಡೂವರೆ. ಈಗ ತೂಕದ ಲೆಕ್ಕಕ್ಕೆ ಬರೋಣ. ಹತ್ತು ಡಿಗ್ರಿ ಚಳಿಗೆಂದು ಮಾರುವ ಸಾಧಾರಣ ಸ್ಲೀಪಿಂಗ್ ಬ್ಯಾಗ್ ಒಂದು ಕಿಲೋ ಚಿಲ್ಲರೆ, ರೇನ್‌ಕೋಟ್ ಮುನ್ನೂರು ನಾನ್ನೂರು ಗ್ರಾಂ, ಕೂರುವ ಚಾಪೆ ಇನ್ನೊಂದಿಷ್ಟು. ಎಲ್ಲ ಸೇರಿದರೆ ಕಂಬಳಿಗೂ ಅದಕ್ಕೂ ಅಂತರ ಉಳಿಯುವುದು ಅರ್ಧ ಕಿಲೋ. ಹೊರೆ ಮೈತೂಕದ ಐದನೇ ಒಂದು ಭಾಗ ಮೀರಬಾರದೆಂಬ ಲೆಕ್ಕದಲ್ಲಿ 60 ಕಿಲೋ ಇರುವವರಿಗೆ 12 ಕಿಲೋ. ಡೇರೆ, ಅಡುಗೆ ಸಾಮಾನು ಹೊರುವವರಿಗೆ ಆ ಅರ್ಧ ಕಿಲೋ ಭಾರವೇ. ಮಠದಲ್ಲೋ ಶಾಲೆಯ ಜಗಲಿಯಲ್ಲೋ ತಂಗುತ್ತ ಹೋಗುವವರಿಗೆ ಅಲ್ಲ. ಜಾಗದ ತೊಂದರೆ ಮಾತ್ರ ನಿಜ: ಕಂಬಳಿಯನ್ನು ಸ್ಲೀಪಿಂಗ್ ಬ್ಯಾಗಿನಂತೆ ಅದುಮಿ ಚಿಕ್ಕದು ಮಾಡಲಾಗದು. ಉದ್ದಕ್ಕೆ ಮೂರು ಮಡಿಕೆ ಹಾಕಿ, ಬಿಗಿಯಾಗಿ ಸುರುಳಿ ಸುತ್ತಿ, ದಪ್ಪ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಚೀಲದೊಳಗೆ ಬೆನ್ನಿಗೆ ತಾಗುವಂತೆ ನಿಲ್ಲಿಸಿ. ಚೀಲದ ಹೊರಗೆ, ತಳದಲ್ಲಿ ಕಟ್ಟಿದರೆ ಹಿಂದಕ್ಕೆ ಜಗ್ಗುತ್ತದೆ, ಪೊದೆಗೆ ಸಿಕ್ಕಿಕೊಳ್ಳುತ್ತದೆ.

ಮಳೆಗೆ ಕೊಪ್ಪೆ ಹಾಕುವ ಬಗೆ ಗೊತ್ತಿಲ್ಲದವರು ಕಂಬಳಿಯನ್ನು ಶಾಲಿನಂತೆ ಹೊದ್ದು, ಕುತ್ತಿಗೆಯಿಂದ ನೀರು ಇಳಿಸಿಕೊಳ್ಳುತ್ತಾರೆ. ಒಂಬತ್ತು ಅಡಿಯನ್ನು ನಡುವೆ ಮಡಚಿದರೆ ನಾಲ್ಕೂವರೆ ಅಡಿಯ ಚೌಕ ಆಗುತ್ತದೆ. ಮಡಿಕೆಯ ಗೆರೆ ಬೆನ್ನ ಮೇಲೆ ನೇರ ಇಳಿಯಬೇಕು. ಮೇಲಿನ ಎರಡು ಅಂಚುಗಳನ್ನು ಮಡಿಕೆಯಿಂದ ಒಂದು ಅಡಿಯವರೆಗೆ ಸೇರಿಸಿ ದೊಡ್ಡ ಪಿನ್ನು ಚುಚ್ಚಿ, ಇಲ್ಲವೇ ದಬ್ಬಣದಿಂದ ನಾಲ್ಕು ಹೊಲಿಗೆ ಹಾಕಿ. ಆ ಮೂಲೆ ತಲೆಯ ಮೇಲೆ ಕೂರುತ್ತದೆ, ಉಳಿದದ್ದು ಹೆಗಲು, ಚೀಲ ಎರಡನ್ನೂ ಮುಚ್ಚಿ ಮೊಣಕಾಲಿನ ಹತ್ತಿರ ಇಳಿಯುತ್ತದೆ. ಹನಿಮಳೆಗೆ, ಮಂಜಿಗೆ, ಅರ್ಧ ಗಂಟೆಯ ಮಳೆಗೆ ಇದು ಚೆನ್ನಾಗಿ ತಡೆಯುತ್ತದೆ, ಒಳಗೆ ಬೆವರೂ ಕಟ್ಟುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ತೇವ ಹೀರಿದರೂ ಕೈಗೆ ಒದ್ದೆ ಅನಿಸದು; ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಎರಡು ಕಿಲೋ ಕಂಬಳಿಗೆ ಇದು ಆರುನೂರು ಗ್ರಾಂ ನೀರು. ಅದರಾಚೆಗೆ ಕಥೆ ಬೇರೆ. ಆಗುಂಬೆಯ ಜುಲೈ ಮಳೆಯಲ್ಲಿ ದಿನವಿಡೀ ನಡೆದರೆ ಕಂಬಳಿ ತನ್ನ ತೂಕಕ್ಕೆ ಸಮನಾದ ನೀರು ಕುಡಿದು ನಾಲ್ಕು ಕಿಲೋ ಆಗುತ್ತದೆ, ಆ ಹವೆಯಲ್ಲಿ ಎರಡು ದಿನವಾದರೂ ಒಣಗದು. ಬಿಡದೆ ಸುರಿಯುವ ಮಳೆಗೆ ಪ್ಲಾಸ್ಟಿಕ್ ಕೊಪ್ಪೆಯೇ ಬೇಕು, ಕಂಬಳಿ ಒಳಗೆ ಒಣಗಿರಬೇಕು.

ಮಲಗುವಾಗಿನ ತಪ್ಪು ಎಂದರೆ ಇಡೀ ಕಂಬಳಿಯನ್ನು ಮೇಲೆ ಹೊದೆಯುವುದು. ಚಳಿ ನೆಲದಿಂದ ಏರುತ್ತದೆ. ಮೊದಲು ಟಾರ್ಪಾಲು, ಅದರ ಮೇಲೆ ಫೋಮ್ ಚಾಪೆ, ಅದರ ಮೇಲೆ ಕಂಬಳಿಯ ಅರ್ಧ ಅಗಲ. ಮಲಗಿ ಉಳಿದರ್ಧವನ್ನು ಮೇಲೆ ಎಳೆದುಕೊಳ್ಳಿ. ಉದ್ದದಲ್ಲಿ ಐದೂವರೆ ಅಡಿ ಮೈಗಾದರೆ ಮೂರೂವರೆ ಅಡಿ ಉಳಿಯುತ್ತದೆ. ಅದನ್ನು ಪಾದದ ಕೆಳಗಿನಿಂದ ತಿರುಗಿಸಿ ಮೊಣಕಾಲಿನ ಮೇಲಕ್ಕೆ ತಂದರೆ ಕಾಲಿಗೆ ಎರಡು ಪದರ ಸಿಗುತ್ತದೆ. ಚುಚ್ಚದಂತೆ ಒಳಗೆ ಹಳೆ ಪಂಚೆ, ಕುತ್ತಿಗೆಗೆ ಟವೆಲು. ಇಷ್ಟು ಮಾಡಿ, ಮೈಮೇಲೆ ಸ್ವೆಟರ್, ಕಾಲುಚೀಲ ಇದ್ದರೆ ಹತ್ತು ಡಿಗ್ರಿಯವರೆಗೆ ನೆಮ್ಮದಿಯ ನಿದ್ದೆ. ಅದಕ್ಕಿಂತ ಕೆಳಗೆ ಒಂದೇ ಕಂಬಳಿ ಸಾಲದು. ಇಬ್ಬರಿದ್ದರೆ ಎರಡು ಕಂಬಳಿ ಸೇರಿಸಿ ಒಂದು ಹಾಸಿ ಒಂದು ಹೊದೆಯುವುದು ಹೆಚ್ಚು ಬೆಚ್ಚಗೆ.

ಹಿಮಾಲಯಕ್ಕೆ ಬೇಡ. ಡಿಸೆಂಬರ್‌ನಲ್ಲಿ 3,800 ಮೀಟರಿನ ಕೇದಾರಕಾಂಠದ ಹಾದಿಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅಲ್ಲಿ ಒಳ್ಳೆಯ ಸ್ಲೀಪಿಂಗ್ ಬ್ಯಾಗಿಗೆ ಬದಲಿ ಇಲ್ಲ. 1,930 ಮೀಟರಿನ ಮುಳ್ಳಯ್ಯನಗಿರಿ, 1,712 ಮೀಟರಿನ ಕುಮಾರಪರ್ವತದ ಸೀಮೆಯ ಚಳಿಗೆ ಇದು ಸಮರ್ಥ. ಆದರೆ ನಮ್ಮ ಕಾಡಿನ ಚಾರಣ ದಾರಿಗಳಲ್ಲಿ ರಾತ್ರಿ ಬಯಲಲ್ಲಿ ತಂಗಲು ಸಾಮಾನ್ಯವಾಗಿ ಬಿಡುವುದಿಲ್ಲ, ಬುಡದ ಊರಿನ ಮನೆಗಳಲ್ಲೇ ಉಳಿಯಬೇಕು. ಅಲ್ಲಿ ಹಾಸಿಗೆ ಸಿಗುವುದಾದರೆ ಕಂಬಳಿ ಹೊರುವ ಅಗತ್ಯವೇ ಇಲ್ಲ.

ಇದರ ನಿಜವಾದ ಜಾಗ ಪಾದಯಾತ್ರೆ. ದಾವಣಗೆರೆಯಿಂದ ಕೊಟ್ಟೂರಿಗೆ ಗುರುಬಸವೇಶ್ವರ ತೇರಿಗೆ ನಡೆಯುವವರು ಮಾಘದ ರಾತ್ರಿಗಳನ್ನು ಬಯಲಲ್ಲಿ, ಶಾಲೆಗಳಲ್ಲಿ ಕಳೆಯುತ್ತಾರೆ. ಹಗಲು ಬಿಸಿಲು, ಬೆಳಗಿನ ಜಾವ ಥಂಡಿ. ನಾಲ್ಕಕ್ಕೆ ಎದ್ದು ನಡೆಯುವಾಗ ಹೆಗಲ ಮೇಲೆ ಕಂಬಳಿ ಇದ್ದರೆ ಸ್ವೆಟರ್ ಬೇಡ. ಯುಗಾದಿಯ ಶ್ರೀಶೈಲ ಪಾದಯಾತ್ರೆಗೆ ಮಾತ್ರ ತೆಳುವಾದದ್ದು ಸಾಕು. ನಲ್ಲಮಲ ಕಾಡಿನ ದಾರಿ, ಭೀಮನಕೊಳ್ಳ ಏರಿ ಕೈಲಾಸ ಬಾಗಿಲು ಮುಟ್ಟುವ ಹೊತ್ತಿಗೆ ಚಳಿಯ ಮಾತೇ ಇರುವುದಿಲ್ಲ. ಅಲ್ಲಿ ಕಂಬಳಿ ಕಲ್ಲು ನೆಲಕ್ಕೆ ಹಾಸು, ಅಷ್ಟೇ. ನರ್ಮದಾ ಪರಿಕ್ರಮಕ್ಕೆ ಹೊರಡುವವರಿಗೆ ಇದನ್ನು ಮನಸಾರೆ ಶಿಫಾರಸು ಮಾಡಬಹುದು. 1,312 ಕಿಲೋಮೀಟರಿನ ನದಿ. ದಾಟದೆ, ನದಿಯನ್ನು ಬಲಕ್ಕಿಟ್ಟುಕೊಂಡು ಎರಡೂ ದಡ ಸುತ್ತಿದರೆ ಎರಡೂವರೆ ಸಾವಿರ ಕಿಲೋಮೀಟರಿಗೂ ಮೇಲೆ. ಆಶ್ರಮಗಳ ಜಗಲಿಯ ತಂಪು ನೆಲ, ಜನವರಿಯ ಚಳಿ, ಅಡುಗೆ ಒಲೆಯ ಪಕ್ಕದ ಕಿಡಿ, ಬಟ್ಟೆ ಒಗೆಯಲು ಸಿಗದ ದಿನಗಳು, ಎಲ್ಲಕ್ಕೂ ಉಣ್ಣೆ ತಡೆಯುತ್ತದೆ. ಬೆವರಿನ ವಾಸನೆಯನ್ನೂ ಅದು ನೈಲಾನಿನಂತೆ ಹಿಡಿದಿಟ್ಟುಕೊಳ್ಳುವುದಿಲ್ಲ.

ಮೊದಲ ಪ್ರಯೋಗ ದೂರದಲ್ಲಿ ಬೇಡ. ಡಿಸೆಂಬರಿನಲ್ಲಿ ಒಂದು ರಾತ್ರಿ ಮನೆಯ ತಾರಸಿಯ ಮೇಲೆ ಮೇಲಿನ ಕ್ರಮದಲ್ಲಿ ಮಲಗಿ ನೋಡಿ. ಹೊರೆಯ ಪ್ರಯೋಗಕ್ಕೆ ಚಿತ್ರದುರ್ಗದವರಿಗೆ ಜೋಗಿಮಟ್ಟಿ ಇದೆ. ವನ್ಯಜೀವಿಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಪಡೆದು, ತುಂಬಿದ ಚೀಲ ಹೊತ್ತು ಏರಿ, ಮೇಲೆ ಗಾಳಿಯಲ್ಲಿ ಕಾಲು ಗಂಟೆ ಕಂಬಳಿ ಹೊದ್ದು ಕುಳಿತರೆ ನೇಯ್ಗೆ ಒತ್ತೋ ಸಡಿಲವೋ ಬೆನ್ನೇ ಹೇಳುತ್ತದೆ.

ಇನ್ನು ಮನೆಗೆ ಮರಳಿದ ಮೇಲಿನ ಮಾತು. ಕಂಬಳಿಯ ಆಯಸ್ಸು ನಿರ್ಧಾರವಾಗುವುದು ಬಂದ ದಿನವೇ. ದಣಿದು ಬಂದವರು ಚೀಲವನ್ನು ಹಾಗೇ ಮೂಲೆಗೆ ನೂಕಿ ವಾರ ಬಿಡುತ್ತಾರೆ. ಬೆವರು, ತೇವ, ಗಂಜಿ ಮೂರೂ ಸೇರಿದ ಕಡೆ ಬೂಷ್ಟು ಹಿಡಿಯಲು ವಾರ ಸಾಕು. ಚೀಲ ಒಳಗೆ ತರುವ ಮೊದಲೇ ಕಂಬಳಿ ಹೊರಗೆ ಬರಲಿ. ಮಲೆನಾಡಿನಿಂದ ಬಂದದ್ದಾದರೆ ಇದು ಕಡ್ಡಾಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ನವೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಚಾರಣದ ಕಾಲದಲ್ಲೇ, ಅದರ ಕಾಟ. ಆ ಕಾಡುಗಳಲ್ಲಿ ಒಣ ಎಲೆಯ ಮೇಲೆ ಕಂಬಳಿ ಹಾಸಲೇಬಾರದು. ಸಾಸಿವೆ ಕಾಳಿಗಿಂತ ಚಿಕ್ಕ ಉಣುಗು ಕರಿ ಉಣ್ಣೆಯಲ್ಲಿ ಕಣ್ಣಿಗೆ ಬೀಳದು. ಹಾಸಿದ್ದರೆ ಮನೆಯ ಹೊರಗೆ ಚೆನ್ನಾಗಿ ಕೊಡವಿ, ಕಡುಬಿಸಿಲಿನಲ್ಲಿ ಇಡೀ ದಿನ ಎರಡೂ ಮಗ್ಗುಲು ಹಾಕಿ. ಒಣ ಬಿಸಿಯನ್ನು ಉಣುಗು ತಾಳದು. ಆ ಮೇಲಿನ ದಿನಗಳಲ್ಲಿ ಜ್ವರ, ವಿಪರೀತ ತಲೆನೋವು ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಬಯಲುಸೀಮೆಯಿಂದ ಬಂದ ಕಂಬಳಿಯಲ್ಲಿ ಉತ್ತರಾಣಿ, ನೆಗ್ಗಿಲು ಮುಳ್ಳು, ಹುಲ್ಲಿನ ಚೂಪು ಬೀಜ ತುಂಬಿರುತ್ತದೆ. ಎಳೆದು ಕೀಳಬೇಡಿ, ಬೀಜದ ಜೊತೆ ಎಳೆಯೂ ಬರುತ್ತದೆ. ಅಗಲ ಹಲ್ಲಿನ ಬಾಚಣಿಗೆಯನ್ನು ಹಾಸಿನ ಉದ್ದಕ್ಕೇ ಎಳೆದು, ಸಿಕ್ಕಿಕೊಂಡದ್ದನ್ನು ಹಿಂದಿನಿಂದ ಬೆರಳಲ್ಲಿ ನೂಕಿ ಹೊರತೆಗೆಯಿರಿ. ಆಮೇಲೆ ತೆಂಗಿನ ನಾರಿನ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಗುಡಿಸಿ, ಬಿದಿರುಗಳದ ಮೇಲೋ ಗೋಡೆಯ ಮೇಲೋ ಹರವಿ. ತೆಳು ತಂತಿಯ ಮೇಲೆ ನೇತು ಹಾಕಿದರೆ ಆ ಗೆರೆಯಲ್ಲೇ ಎಳೆ ಬಿರಿಯುತ್ತದೆ.

ಪ್ರತಿ ನಡಿಗೆಯ ನಂತರ ಒಗೆಯಬೇಕಿಲ್ಲ, ಒಗೆಯಲೂ ಬಾರದು. ಕೊಳೆಯಾದ ಜಾಗವನ್ನಷ್ಟೇ ತಣ್ಣೀರು, ಅಂಟುವಾಳಕಾಯಿಯ ನೊರೆಯಿಂದ ಒತ್ತಿ ಒರೆಸಿದರೆ ಸಾಕು. ವರ್ಷಕ್ಕೊಮ್ಮೆ ಪೂರ್ತಿ ಒಗೆಯುವುದಾದರೂ ಬಿಸಿನೀರು, ವಾಷಿಂಗ್ ಮಷೀನು, ಉಜ್ಜುವ ಕಲ್ಲು ಮೂರೂ ದೂರ. ಬಿಸಿ ಮತ್ತು ಉಜ್ಜಾಟ ಸೇರಿದರೆ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಕಂಬಳಿ ಕುಗ್ಗಿ ದಪ್ಪಗಾಗುತ್ತದೆ, ಮತ್ತೆ ಹಿಗ್ಗದು. ಎಂಜೈಮ್ ಇರುವ ಸೋಪಿನ ಪುಡಿ ಇನ್ನೂ ಕೆಟ್ಟದ್ದು. ಪ್ರೋಟೀನಿನ ಕಲೆ ತಿನ್ನುವ ಎಂಜೈಮ್ ಉಣ್ಣೆಯನ್ನೂ ತಿನ್ನುತ್ತದೆ, ಉಣ್ಣೆಯೂ ಪ್ರೋಟೀನೇ. ಹಿಂಡಬೇಡಿ. ನೀರು ಇಳಿಯಲು ಓರೆಯಾದ ಕಲ್ಲಿನ ಮೇಲೆ ಬಿಟ್ಟು, ನೆಲದಲ್ಲಿ ಚಪ್ಪಟೆಯಾಗಿ ಹರವಿ ಒಣಗಿಸಿ.

ಪೂರ್ತಿ ಒಗೆದರೆ ಗಂಜಿ ಹೋಗುತ್ತದೆ, ಜೊತೆಗೆ ಹನಿಮಳೆ ತಡೆಯುವ ಗುಣವೂ. ಅದನ್ನು ಮತ್ತೆ ಹಾಕಬಹುದು. ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ನುಣ್ಣಗೆ ಬೀಸಿ. ಲೀಟರ್ ನೀರಿಗೆ 30 ಗ್ರಾಂ ಪುಡಿ. ತಣ್ಣೀರಿನಲ್ಲೇ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕದಡುತ್ತ ಕುದಿಸಿದರೆ ತೆಳು ಅಂಬಲಿಯ ಹದ ಬರುತ್ತದೆ. ಒಂಬತ್ತು ಅಡಿಯ ಕಂಬಳಿಗೆ ಮೂರು ಲೀಟರ್ ಬೇಕು. ಬೆಳಗ್ಗೆ ಒಂಬತ್ತಕ್ಕೆಲ್ಲ ಶುರು ಮಾಡಿ, ಕಂಬಳಿಯನ್ನು ಎಳೆದು ಬಿಗಿಯಾಗಿ ಹರವಿ, ಬ್ರಷ್ಷಿನಲ್ಲಿ ಹಾಸಿನ ಉದ್ದಕ್ಕೆ ಬಳಿದು, ಒಣಗಿದ ಮೇಲೆ ಮಗ್ಗುಲು ಬದಲಿಸಿ. ಸಂಜೆಯೊಳಗೆ ಎರಡೂ ಕಡೆ ಗರಿಗರಿ ಒಣಗಬೇಕು. ಮೋಡದ ದಿನ ಹಚ್ಚಿದರೆ ಹುಳಿ ವಾಸನೆ ಬಂದು ಕಪ್ಪು ಬೂಷ್ಟು ಕೂರುತ್ತದೆ. ಉಳಿದ ಗಂಜಿ ನಾಳೆಗೆ ಇಡಬೇಡಿ, ಹುಳಿಯುತ್ತದೆ. ಗಟ್ಟಿಯಾಗಿ ಬಳಿದರೆ ಒಳ್ಳೆಯದೆಂದು ಭಾವಿಸುವುದೂ ತಪ್ಪು. ದಪ್ಪ ಪದರ ಮಡಚಿದಲ್ಲಿ ಸಿಡಿದು ಪುಡಿಯಾಗುತ್ತದೆ, ಜಿರಳೆಯನ್ನೂ ಕರೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ನುಸಿ, ಅಂದರೆ ಉಣ್ಣೆಗೆ ಹತ್ತುವ ಪುಟ್ಟ ಚಿಟ್ಟೆ. ಹಾರಾಡುವ ಚಿಟ್ಟೆ ಉಣ್ಣೆ ತಿನ್ನುವುದಿಲ್ಲ, ಅದರ ಮರಿಹುಳು ತಿನ್ನುತ್ತದೆ. ಅದೂ ಕತ್ತಲೆಯಲ್ಲಿ, ಅಲುಗಾಡದ ಮಡಿಕೆಯಲ್ಲಿ, ಬೆವರಿನ ಕಲೆ ಇರುವ ಕಡೆಗೇ ಮೊದಲು. ಒಂದು ಚಾರಣ ಮುಗಿಸಿ, ಮುಂದಿನ ವರ್ಷಕ್ಕೆಂದು ಪೆಟ್ಟಿಗೆಯಲ್ಲಿ ಮಡಚಿಟ್ಟ ಕಂಬಳಿ ತೆಗೆದಾಗ ಜರಡಿಯಾಗಿರುವುದು ಇದರಿಂದ. ಬೇವಿನ ಸೊಪ್ಪು ಒಣಗಿಸಿ ಇಡುವುದು ಒಳ್ಳೆಯ ರೂಢಿ, ಆದರೆ ಅದೊಂದನ್ನೇ ನಂಬಬೇಡಿ. ನ್ಯಾಫ್ತಲಿನ್ ಗುಳಿಗೆಯ ಆವಿ ಉಸಿರಿಗೆ ಒಳ್ಳೆಯದಲ್ಲ, ವಾಸನೆ ದಿನಗಟ್ಟಲೆ ಹೋಗದು. ಮುಖಕ್ಕೆ ಹೊದೆಯುವ ಬಟ್ಟೆಗೆ ಅದು ಬೇಡವೇ ಬೇಡ. ಒಣಗಿದ ಕಂಬಳಿಯನ್ನು ಒತ್ತು ನೇಯ್ಗೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಎರಡು ಮೂರು ವಾರಕ್ಕೊಮ್ಮೆ ಬಿಚ್ಚಿ, ಕೊಡವಿ, ಮಡಿಕೆ ಬದಲಿಸಿ. ನುಸಿ ಕಂಡರೆ ಏಪ್ರಿಲ್ ಬಿಸಿಲೇ ಮದ್ದು: ಚೆನ್ನಾಗಿ ಒಣಗಿದ ಕಂಬಳಿಯನ್ನು ಕಪ್ಪು ಪ್ಲಾಸ್ಟಿಕ್ ಹಾಳೆಯಲ್ಲಿ ತೆಳುವಾಗಿ ಸುತ್ತಿ, ತಾರಸಿಯ ಮೇಲೆ ನಡು ಹಗಲಿನ ನಾಲ್ಕೈದು ಗಂಟೆ ಬಿಟ್ಟು, ನಡುವೆ ಒಮ್ಮೆ ತಿರುಗಿಸಿ. ಒಳಗಿನ ಕಾವು 50 ಡಿಗ್ರಿ ದಾಟಿದರೆ ಮೊಟ್ಟೆಯೂ ಉಳಿಯದು.

ತೂತು ಬಿದ್ದರೆ ಬೆರಳಗಲಕ್ಕೆ ಬೆಳೆಯುವ ಮೊದಲೇ ರಫು ಮಾಡಿ. ಕೊಳ್ಳುವಾಗಲೇ ನೇಕಾರರಿಂದ ಅದೇ ನೂಲಿನ ಚಿಕ್ಕ ಉಂಡೆಯೊಂದನ್ನು ಕೇಳಿ ತಂದಿಟ್ಟರೆ ಎಳೆ ಹೊಂದುತ್ತದೆ. ಅಂಗಡಿಯ ಉಲ್ಲನ್ ದಾರ ಹೊಂದದು. ಅಂಚಿನ ಕುಚ್ಚು ಬಿಚ್ಚಿಕೊಳ್ಳುತ್ತಿದ್ದರೆ ಎರಡೆರಡು ಹಾಸಿನ ಎಳೆ ಸೇರಿಸಿ ಗಂಟು ಹಾಕುತ್ತ ಹೋಗಿ, ಹೊಲಿಗೆ ಯಂತ್ರಕ್ಕೆ ಕೊಡಬೇಡಿ.

ಬಳಕೆಯಲ್ಲಿರುವ ಕಂಬಳಿಗೆ ನುಸಿ ಹತ್ತುವುದು ತೀರ ಕಡಿಮೆ. ಆದ್ದರಿಂದ ಪೆಟ್ಟಿಗೆಯೇ ಬೇಡ. ಊರಲ್ಲಿರುವಷ್ಟು ದಿನ ಅದನ್ನು ನಡುಮನೆಯಲ್ಲಿ ಹಾಸಿ, ಅದರ ಮೇಲೇ ಕೂತು ಉಣ್ಣಿ, ಓದಿ, ಮಕ್ಕಳನ್ನು ಮಲಗಿಸಿ. ಹೊರಡುವ ಹಿಂದಿನ ದಿನ ಕೊಡವಿ, ಬಿಸಿಲಿಗೆ ಹಾಕಿ, ಮೂರು ಮಡಿಕೆ ಮಾಡಿ ಸುತ್ತಿದರೆ ಚೀಲಕ್ಕೆ ಸಿದ್ಧ.